ನೌಕರರ ಕೆಲಸವನ್ನು ಅಳೆಯುವ ಬಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಮತ್ತು ಸಿಬ್ಬಂದಿಯ ವಿಚಾರಗೋಷ್ಠಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಒಂದು ಸಹಕಾರ ಸಂಘ 25 ವರ್ಷ ಬಾಗಿಲು ಹಾಕದೆ ನಡೆಯುವುದೆಂದರೆ ಸಾಮಾನ್ಯ ಮಾತಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ನಾಡು ನಮ್ಮದು. ಅಲ್ಲಿಂದ ಈಚೆಗೆ ಎಷ್ಟೋ ಸಂಘಗಳು ಹುಟ್ಟಿದವು, ಎಷ್ಟೋ ಸಂಘಗಳು ಹೇಳಹೆಸರಿಲ್ಲದೆ ಹೋದವು. ಉಳಿದು ಬೆಳೆದವುಗಳ ಸಾಲಿನಲ್ಲಿ ನಿಮ್ಮ ಸಂಘ ನಿಂತಿದೆ. ಇದಕ್ಕೆ ಕಾರಣರಾದ ಹಿರಿಯರಿಗೆಲ್ಲ ಮೊದಲು ನನ್ನ ನಮಸ್ಕಾರಗಳು.

ನನಗೆ ಕೊಟ್ಟಿರುವ ವಿಷಯ ಬ್ಯಾಂಕುಗಳಲ್ಲಿ ನೌಕರರ ಕಾರ್ಯ ಮೌಲ್ಯಮಾಪನ, ಅದರಿಂದ ಅವರಿಗೆ ಸಿಗುವ ತೃಪ್ತಿ ಮತ್ತು ಅವರು ಸಂಸ್ಥೆಯಲ್ಲಿ ಉಳಿಯುವುದು ಅಥವಾ ಬಿಟ್ಟು ಹೋಗುವುದು. ಹೆಸರು ಸ್ವಲ್ಪ ಉದ್ದವಾಯಿತು. "ಇದು ನಮಗ್ಯಾಕೆ ಸ್ವಾಮಿ, ನೌಕರರ ಕಷ್ಟ ನೌಕರರಿಗೆ, ನಮ್ಮ ಕಷ್ಟ ನಮಗೆ" ಅಂತ ಹಿಂದೆ ಕೂತವರು ಅಂದುಕೊಳ್ಳಬಹುದು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಘದ ಆಸ್ತಿ ಎಂದರೆ ನಮಗೆ ಕಟ್ಟಡ, ಗೋದಾಮು, ತಿಜೋರಿ ಕಾಣಿಸುತ್ತವೆ. ಇವಲ್ಲದೆ ಇನ್ನೊಂದು ಆಸ್ತಿ ಇದೆ, ಅದು ಯಾವ ಆಡಿಟ್ ವರದಿಯಲ್ಲೂ ಬರುವುದಿಲ್ಲ. ಹತ್ತಾರು ವರ್ಷ ಮೇಜಿನ ಹಿಂದೆ ಕುಳಿತ ಗುಮಾಸ್ತರ ತಲೆಯಲ್ಲಿ ಏನೇನಿದೆ ನೋಡಿ. ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಆಗಿ ಪಹಣಿ ಇನ್ನೂ ತಂದೆಯ ಹೆಸರಿನಲ್ಲೇ ಇದೆ, ಯಾರ ಕೈಗೆ ಯಾವ ತಿಂಗಳು ದುಡ್ಡು ಬರುತ್ತದೆ, ಯಾರು ನೋಟೀಸಿಗೆ ಹೆದರುತ್ತಾರೆ, ಯಾರಿಗೆ ಒಂದು ಮಾತು ಹೇಳಿದರೆ ಸಾಕು, ಎಲ್ಲವೂ ಅವರಿಗೆ ಗೊತ್ತು. ಅವರು ಒಂದು ದಿನ ಬೇರೆ ಕೆಲಸ ನೋಡಿಕೊಂಡು ಹೋದರೆ ಅದಷ್ಟೂ ಅವರ ಜೊತೆಯಲ್ಲೇ ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಸಬರು ಬಂದು ಅಷ್ಟನ್ನೂ ಕಲಿಯುವ ತನಕ ತೊಂದರೆ ಅನುಭವಿಸುವವರು ಸದಸ್ಯರು. ಹಾಗಾಗಿ ಈ ವಿಷಯ ನೌಕರರದ್ದು ಎಷ್ಟೋ ಅಷ್ಟೇ ನಿಮ್ಮದೂ ಹೌದು.

ಮೌಲ್ಯಮಾಪನ ಎಂದರೇನು? ವರ್ಷಕ್ಕೊಮ್ಮೆ ಮೇಲಧಿಕಾರಿಯು ತನ್ನ ಕೈಕೆಳಗಿನವರ ಕೆಲಸವನ್ನು ತೂಗಿ ನೋಡಿ, ಇಂತಿಷ್ಟು ಎಂದು ಬರೆದಿಡುವುದು. ಬಡ್ತಿ, ವರ್ಗಾವಣೆ, ಕೆಲವು ಕಡೆ ಸಂಬಳದ ಏರಿಕೆಯೂ ಆ ಬರಹವನ್ನು ಅವಲಂಬಿಸಿರುತ್ತವೆ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಇದಕ್ಕೆ ಗೋಪ್ಯ ವರದಿ ಎಂದು ಹೆಸರು. ಬಾಯಿಮಾತಿನಲ್ಲಿ ಸಿ.ಆರ್. ಅಂತಿದ್ದರು. ಸಾಹೇಬರು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರು, ಲಕೋಟೆಗೆ ಅರಗು ಹಾಕಿ ಕಳಿಸುತ್ತಿದ್ದರು. ತೀರಾ ಕೆಟ್ಟ ಮಾತು ಬರೆದಿದ್ದರೆ ಮಾತ್ರ ನೌಕರನಿಗೆ ತಿಳಿಸುವ ಪದ್ಧತಿ. ಉಳಿದಂತೆ ಏನು ಬರೆದರು ಎಂದು ಅವನಿಗೆ ಗೊತ್ತಾಗುತ್ತಿದ್ದುದು ಬಡ್ತಿ ಪಟ್ಟಿಯಲ್ಲಿ ತನ್ನ ಹೆಸರು ಇಲ್ಲದಿದ್ದಾಗ.

ಈ ಗೋಪ್ಯದಿಂದ ಏನಾಗುತ್ತದೆ ಎನ್ನುವುದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವಿದೆ. ಗಡಿ ರಸ್ತೆಗಳ ವಿಭಾಗದಲ್ಲಿ ದೇವ್ ದತ್ ಎಂಬ ಇಂಜಿನಿಯರ್ ಇದ್ದರು. ಮೇಲಿನ ಹುದ್ದೆಗೆ ಪರಿಗಣಿಸಬೇಕಾದರೆ ಹಿಂದಿನ ಐದು ವರ್ಷವೂ 'ಬಹಳ ಉತ್ತಮ' ಎಂಬ ಷರಾ ಇರಬೇಕೆಂದು ನಿಯಮ. ಅವರಿಗೆ ನಾಲ್ಕು ವರ್ಷ 'ಬಹಳ ಉತ್ತಮ' ಎಂದಿತ್ತು, 1993-94ರ ಸಾಲಿಗೆ ಮಾತ್ರ 'ಉತ್ತಮ' ಎಂದಿತ್ತು. ಉತ್ತಮ ಎನ್ನುವುದು ಬೈಗುಳ ಅಲ್ಲವಲ್ಲ, ಅದಕ್ಕೇ ಅವರಿಗೆ ಯಾರೂ ತಿಳಿಸಲಿಲ್ಲ. ಆದರೆ ಆ ಒಂದು ಪದವೇ ಬಡ್ತಿಗೆ ಅಡ್ಡವಾಯಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬರೆದ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು, ಅದರ ಬಗ್ಗೆ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದಿತು. ಸರ್ಕಾರಿ ನೌಕರರಿಗಲ್ಲದೆ ಸಾರ್ವಜನಿಕ ವಲಯದ ಸಂಸ್ಥೆಗಳ ನೌಕರರಿಗೂ ಇದು ಅನ್ವಯ ಎಂದೂ ಹೇಳಿತು. 2013ರಲ್ಲಿ ಇನ್ನೊಂದು ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಎತ್ತಿ ಹಿಡಿಯಿತು. ದೇವ್ ದತ್ ಅವರಿಗೆ ನ್ಯಾಯ ಸಿಗುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು ಎನ್ನುವುದನ್ನೂ ಇಲ್ಲಿ ನೆನೆಯಬೇಕು.

ಬಡ್ತಿ ತಪ್ಪಿದವರೆಲ್ಲ ಕೋರ್ಟಿಗೆ ಹೋಗುವುದಿಲ್ಲ. ಹೆಚ್ಚಿನವರು ಸುಮ್ಮನಾಗುತ್ತಾರೆ. ನಾನು ಕೆಲಸ ಮಾಡಿದ ಶಾಖೆಗಳಲ್ಲಿ ಇಂಥವರನ್ನು ಕಂಡಿದ್ದೇನೆ. ಮೊದಲೆಲ್ಲ ಸಂಜೆ ಏಳರವರೆಗೆ ಕೂತು ಲೆಕ್ಕ ತಾಳೆ ನೋಡಿ ಹೋಗುತ್ತಿದ್ದವರು, ಒಂದು ಸಲ ಬಡ್ತಿ ತಪ್ಪಿದ ಮೇಲೆ ಹತ್ತಕ್ಕೆ ಬಂದು ಐದಕ್ಕೆ ಚೀಲ ಎತ್ತುವುದಕ್ಕೆ ಶುರು ಮಾಡಿದರು. ಕೇಳಿದರೆ, "ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ ಬಿಡಿ ಸಾರ್" ಅಂತಿದ್ದರು. ಅವರು ಬ್ಯಾಂಕು ಬಿಟ್ಟು ಹೋಗಲಿಲ್ಲ. ಆಗಿನ ಕಾಲದಲ್ಲಿ ಬ್ಯಾಂಕ್ ನೌಕರಿ ಬಿಡುವವರು ಅಪರೂಪ. ಆದರೆ ಮನಸ್ಸು ಬಿಟ್ಟು ಹೋಗಿತ್ತು. ದೇಹ ಕುರ್ಚಿಯಲ್ಲಿದ್ದು ಮನಸ್ಸು ಹೊರಗಿದ್ದರೆ ಅದೂ ಒಂದು ಬಗೆಯ ರಾಜೀನಾಮೆಯೇ.

ಈಗ ಕಾಲ ತಿರುಗಿದೆ. ಖಾಸಗಿ ಬ್ಯಾಂಕುಗಳು ಬೆಳೆದಿವೆ. ಅಲ್ಲಿ ಲಕೋಟೆಯ ಗುಟ್ಟಿಗಿಂತ ಅಂಕಿಯ ಒತ್ತಡ ದೊಡ್ಡದು. ಇಷ್ಟು ಠೇವಣಿ, ಇಷ್ಟು ಹೊಸ ಖಾತೆ, ಇಷ್ಟು ವಿಮಾ ಪಾಲಿಸಿ, ಇಷ್ಟು ಕಾರ್ಡು ಎಂದು ಟಾರ್ಗೆಟ್ ಕೊಡುತ್ತಾರೆ. ಬೆಳಿಗ್ಗೆ ಒಂದು ಫೋನು, ಮಧ್ಯಾಹ್ನ ಒಂದು, ಸಂಜೆ ಒಂದು. ಭಾರತೀಯ ರಿಸರ್ವ್ ಬ್ಯಾಂಕು ತನ್ನ 2023-24ರ ಬ್ಯಾಂಕಿಂಗ್ ಪ್ರಗತಿ ವರದಿಯಲ್ಲಿ ಒಂದು ಮಾತು ಹೇಳಿದೆ. ಆ ವರ್ಷ ಖಾಸಗಿ ಬ್ಯಾಂಕುಗಳ ಒಟ್ಟು ನೌಕರರ ಸಂಖ್ಯೆ ಸರ್ಕಾರಿ ಬ್ಯಾಂಕುಗಳ ನೌಕರರ ಸಂಖ್ಯೆಯನ್ನು ದಾಟಿತು. ಆದರೆ ಮೂರು ವರ್ಷಗಳಲ್ಲಿ ಅಲ್ಲಿ ಕೆಲಸ ಬಿಡುವವರ ಪ್ರಮಾಣ ಬಹಳ ಏರಿ, ಸರಾಸರಿ ನೂರಕ್ಕೆ ಸುಮಾರು 25 ಆಯಿತು. ಎಂದರೆ ವರ್ಷದಲ್ಲಿ ನಾಲ್ವರಲ್ಲಿ ಒಬ್ಬರು ಹೋದಂತೆ. ಇದರಿಂದ ಗ್ರಾಹಕರ ಸೇವೆ ಕೆಡುತ್ತದೆ, ಸಂಸ್ಥೆಯ ಅನುಭವ ಕೈಬಿಟ್ಟು ಹೋಗುತ್ತದೆ, ಹೊಸಬರನ್ನು ಸೇರಿಸಿಕೊಳ್ಳುವ ಖರ್ಚು ಏರುತ್ತದೆ ಎಂದು ರಿಸರ್ವ್ ಬ್ಯಾಂಕೇ ಎಚ್ಚರಿಸಿದೆ. ನಾನು ಆಗಲೇ ಹೇಳಿದ ಗುಮಾಸ್ತರ ತಲೆಯೊಳಗಿನ ಆಸ್ತಿಯ ಮಾತೇ ಇದು.

ನೌಕರ ಕೆಲಸ ಬಿಡುವುದಕ್ಕೆ ಮೌಲ್ಯಮಾಪನ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಸಂಬಳ, ದೂರದ ವರ್ಗಾವಣೆ, ಮಕ್ಕಳ ಓದು, ಊರಿನಲ್ಲಿರುವ ವಯಸ್ಸಾದ ತಂದೆತಾಯಿ, ಎಲ್ಲವೂ ಸೇರುತ್ತವೆ. ಆದರೆ ಇವುಗಳಲ್ಲಿ ಎಷ್ಟೋ ಸಂಸ್ಥೆಯ ಕೈಯಲ್ಲಿ ಇರುವುದಿಲ್ಲ. ಕೆಲಸವನ್ನು ನ್ಯಾಯವಾಗಿ ತೂಗುವುದು ಮಾತ್ರ ಪೂರ್ತಿ ಸಂಸ್ಥೆಯ ಕೈಯಲ್ಲೇ ಇದೆ, ಅದಕ್ಕೆ ಕಾಸೂ ಖರ್ಚಿಲ್ಲ.

ಅಂಕಿಯೊಂದನ್ನೇ ನೋಡಿ ಅಳೆದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ಕೇಳಿ. 1852ರಲ್ಲಿ ಶುರುವಾದ ಹಳೆಯ ಸಂಸ್ಥೆ. ಒಂದು ಮನೆಗೆ ಬ್ಯಾಂಕಿನ ಎಂಟು ಯೋಜನೆ ಮಾರಬೇಕು ಎಂಬ ಗುರಿ ಇಟ್ಟುಕೊಂಡಿತ್ತು. ಶಾಖೆಯ ನೌಕರರ ಯೋಗ್ಯತೆಯನ್ನು ಅಳೆಯುತ್ತಿದ್ದುದು ಆ ಎಣಿಕೆಯಿಂದ. ಮುಟ್ಟದಿದ್ದರೆ ಕೆಲಸಕ್ಕೆ ಕುತ್ತು. ಏನು ಮಾಡಿಯಾರು? ಗ್ರಾಹಕರಿಗೆ ಗೊತ್ತಿಲ್ಲದಂತೆಯೇ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಇದು ಬಯಲಿಗೆ ಬಂದು, ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಐದಾರು ವರ್ಷಗಳಲ್ಲಿ ಸುಮಾರು 5,300 ನೌಕರರನ್ನು ಇದೇ ಕಾರಣಕ್ಕೆ ಕೆಲಸದಿಂದ ತೆಗೆದಿದ್ದರೆಂದು ಹೊರಗೆ ಬಂತು. ಮರು ತಿಂಗಳಿಂದ ಆ ಮಾರಾಟದ ಗುರಿಗಳನ್ನೇ ಬ್ಯಾಂಕು ಕೈಬಿಡಬೇಕಾಯಿತು. 2020ರಲ್ಲಿ ಮತ್ತೆ 300 ಕೋಟಿ ಡಾಲರ್ ಕಟ್ಟಿ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ ನೌಕರರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಸಾವಿರಾರು ಜನ ಒಂದೇ ಬಗೆಯ ತಪ್ಪು ಮಾಡಿದ್ದಾರೆ ಎಂದರೆ ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸಬೇಕಲ್ಲವೇ?

ಹಾಗಾದರೆ ಅಳೆಯುವುದೇ ಬೇಡವೇ? ಹಾಗಲ್ಲ. ಅಳೆಯದಿದ್ದರೆ ದುಡಿಯುವವರಿಗೂ ಮೈಗಳ್ಳರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಎಲ್ಲರಿಗೂ ಒಂದೇ ಅಂಕ ಕೊಟ್ಟು ಕೈ ತೊಳೆದುಕೊಳ್ಳುವ ಅಧಿಕಾರಿಗಳೂ ಇದ್ದಾರೆ. ಯಾರ ಮನಸ್ಸಿಗೂ ನೋವಾಗಬಾರದು ಅಂತ ಅವರ ಲೆಕ್ಕ. ನಿಜವಾಗಿ ನೋವಾಗುವುದು ದುಡಿಯುವವರಿಗೆ. ಮೊದಲು ಬಿಟ್ಟು ಹೋಗುವವರೂ ಅವರೇ, ಯಾಕೆಂದರೆ ಬೇರೆ ಕಡೆ ಕೆಲಸ ಸಿಗುವುದೂ ಅವರಿಗೇ.

ಹೇಗೆ ಅಳೆಯಬೇಕು ಎಂಬ ಬಗ್ಗೆ ಬಹಳ ಹಿಂದೆಯೇ ಒಳ್ಳೆಯ ಅಧ್ಯಯನಗಳು ನಡೆದಿವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಮೇಯರ್, ಕೇ ಮತ್ತು ಫ್ರೆಂಚ್ ಎಂಬ ಮೂವರು ನಡೆಸಿದ ಅಧ್ಯಯನ 1965ರಲ್ಲಿ ಪ್ರಕಟವಾಯಿತು. ಅವರು ಕಂಡದ್ದು ಇಷ್ಟು. ವರ್ಷಕ್ಕೊಮ್ಮೆ ಕೂರಿಸಿಕೊಂಡು ತಪ್ಪುಗಳ ಪಟ್ಟಿ ಓದಿದರೆ ಕೆಲಸ ಸುಧಾರಿಸುವುದಿಲ್ಲ, ಕೆಡುತ್ತದೆ. ನೌಕರ ತನ್ನನ್ನು ಸಮರ್ಥಿಸಿಕೊಳ್ಳುವುದರಲ್ಲೇ ಮುಳುಗುತ್ತಾನೆ. ಬರೀ ಹೊಗಳಿಕೆಯಿಂದಲೂ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇಂಥ ಕೆಲಸ, ಇಂಥ ದಿನಕ್ಕೆ ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಂಡಾಗ ಸುಧಾರಣೆ ಹೆಚ್ಚು. ತಿದ್ದುವ ಕೆಲಸ ದಿನದಿನವೂ ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳದ ಮಾತು ಮತ್ತು ತಿದ್ದುವ ಮಾತು ಎರಡನ್ನೂ ಒಂದೇ ದಿನ ಆಡಬಾರದು. ಸಂಬಳ ಎಷ್ಟು ಏರುತ್ತದೆ ಎಂದು ಕಾಯುತ್ತಿರುವ ಮನುಷ್ಯನ ಕಿವಿಗೆ ಬುದ್ಧಿಮಾತು ಹೋಗುವುದಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ?

ಒಬ್ಬೊಬ್ಬರನ್ನೇ ತೂಗಬೇಕೋ ಎಲ್ಲರನ್ನೂ ಒಟ್ಟಿಗೆ ತೂಗಬೇಕೋ ಎನ್ನುವ ಚರ್ಚೆಯೂ ನಮ್ಮ ಬ್ಯಾಂಕುಗಳಲ್ಲಿ ನಡೆದಿದೆ. 2020ರ ನವೆಂಬರಿನಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಆದ ಒಪ್ಪಂದದಲ್ಲಿ ಸರ್ಕಾರಿ ಬ್ಯಾಂಕುಗಳಿಗೆ ಒಂದು ಪ್ರೋತ್ಸಾಹಧನ ಬಂತು. ಬ್ಯಾಂಕಿನ ಕಾರ್ಯಾಚರಣೆ ಲಾಭ ನೂರಕ್ಕೆ 5ರಿಂದ 10 ಏರಿದರೆ ಎಲ್ಲರಿಗೂ 5 ದಿನದ ವೇತನ, 15ರವರೆಗೆ ಏರಿದರೆ 10 ದಿನದ್ದು, ಅದಕ್ಕೂ ಮೇಲಾದರೆ 15 ದಿನದ್ದು. ಜವಾನರಿಂದ ಹಿಡಿದು ಅಧಿಕಾರಿಗಳವರೆಗೆ ಒಂದೇ ಲೆಕ್ಕ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹಿರಿಯ ಅಧಿಕಾರಿಗಳಿಗೆ ಬೇರೆಯದೇ ಯೋಜನೆ ತಂದಾಗ ಸಂಘಟನೆಗಳು ವಿರೋಧಿಸಿದವು. ಇದು ನಮ್ಮ ನಮ್ಮಲ್ಲೇ ಭೇದ ಹುಟ್ಟಿಸುತ್ತದೆ ಎಂದು ಅವರ ವಾದ. 2025ರ ಮಾರ್ಚಿನಲ್ಲಿ ಕರೆದಿದ್ದ ಎರಡು ದಿನದ ಮುಷ್ಕರದ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಮಾತುಕತೆ ನಡೆದು ಮುಷ್ಕರ ಮುಂದಕ್ಕೆ ಹೋಯಿತು. ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯವಿದೆ ಎಂದು ನನ್ನ ಅಭಿಪ್ರಾಯ. ಒಟ್ಟಿಗೆ ಕೊಟ್ಟರೆ ಒಗ್ಗಟ್ಟು ಉಳಿಯುತ್ತದೆ, ಹೆಚ್ಚು ದುಡಿದವರಿಗೆ ಏನೂ ಕಾಣದಿದ್ದರೆ ಬೇಸರವೂ ಆಗುತ್ತದೆ.

ಇನ್ನು ನಮ್ಮ ಸಂಘದ ಮನೆಬಾಗಿಲಿಗೆ ಬರೋಣ.

ನಮ್ಮಂಥ ಸಂಘದಲ್ಲಿ ನೌಕರರನ್ನು ಅಳೆಯುವ ಸುಲಭದ ಗೋಲು ವಸೂಲಾತಿ. ಎಷ್ಟು ಬಾಕಿ, ಎಷ್ಟು ಬಂತು, ಶೇಕಡಾ ಎಷ್ಟು. ಆದರೆ 2023ನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿದರು. ಮಳೆ ಬಾರದ್ದಕ್ಕೆ ಗುಮಾಸ್ತರು ಏನು ಮಾಡಿಯಾರು? ಅಂಥ ವರ್ಷ ವಸೂಲಿ ಇಳಿಯಿತೆಂದು ಅವರಿಗೆ ಕೆಳಗಿನ ಷರಾ ಬರೆದರೆ ಅನ್ಯಾಯ. ಅದೇ ರೀತಿ ಒಳ್ಳೆಯ ಮಳೆಬೆಳೆಯಾದ ವರ್ಷ ದುಡ್ಡು ತಾನಾಗಿ ಬಂದು ಬಿದ್ದದ್ದಕ್ಕೆ ಬೆನ್ನು ತಟ್ಟಿದರೂ ಅದು ಸರಿಯಾದ ತೂಕವಲ್ಲ.

ನೌಕರರ ಕೈಯಲ್ಲಿ ಇರುವುದೇನು, ಅದನ್ನು ನೋಡಬೇಕು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತದೆ. ಅದರ ಮಿತಿಯನ್ನು 2023-24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಆದರೆ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಈ ರಿಯಾಯಿತಿ. ದಿನ ತಪ್ಪಿದರೆ ಬಡ್ಡಿ ಸದಸ್ಯರ ತಲೆಯ ಮೇಲೆ. ಹಾಗಿರುವಾಗ ವಾಯಿದೆಗೆ ತಿಂಗಳು ಮುಂಚೆ ಸದಸ್ಯರಿಗೆ ನೆನಪು ಮಾಡಿದರೇ? ಓದು ಬಾರದ ಅಜ್ಜಿಗೆ ಬಾಯಿಬಿಟ್ಟು ಹೇಳಿದರೇ? ಕಟ್ಟಿದ ದುಡ್ಡಿಗೆ ಅಲ್ಲೇ ರಸೀದಿ ಕೊಟ್ಟರೇ? ಗೊಬ್ಬರದ ದಾಸ್ತಾನು ಪುಸ್ತಕ ಅಂದಂದೇ ಬರೆದರೇ? ಇವು ಮಳೆಯನ್ನು ಕೇಳಿ ಮಾಡುವ ಕೆಲಸಗಳಲ್ಲ.

ಪಿಗ್ಮಿ ಸಂಗ್ರಹಿಸುವವರನ್ನೇ ನೋಡಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಯೋಜನೆ ತಂದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಮಾತ್ರ ಊರೂರಲ್ಲಿ ಉಳಿಯಿತು. ಯಾಕೆ? ಬಾಗಿಲಿಗೆ ಬರುವ ಮನುಷ್ಯನ ಮೇಲಿನ ನಂಬಿಕೆಯಿಂದ. ಎಷ್ಟು ರೂಪಾಯಿ ತಂದರು ಎನ್ನುವುದರ ಜೊತೆಗೆ ಎಷ್ಟು ಮನೆಯವರು ವರ್ಷಗಟ್ಟಲೆ ಅವರ ಹತ್ತಿರವೇ ಕಟ್ಟುತ್ತಿದ್ದಾರೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಒಂದು ಸೂಕ್ಷ್ಮದ ಮಾತು. ಯಾರೂ ತಪ್ಪು ತಿಳಿಯಬಾರದು. ಹಳ್ಳಿಯ ಸಂಘದಲ್ಲಿ ಅಳೆಯುವವರೂ ಅಳೆಸಿಕೊಳ್ಳುವವರೂ ಒಂದೇ ಊರಿನವರು. ಐದು ವರ್ಷಕ್ಕೊಮ್ಮೆ ಚುನಾವಣೆ. ಮಂಡಳಿ ಬದಲಾಯಿತೆಂದರೆ, "ಇವನು ನಮ್ಮ ಹುಡುಗ, ಅವನು ಅವರ ಕಡೆಯವನು" ಎಂಬ ಮಾತು ಶುರುವಾಗುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಬ್ಬ ನಿರ್ದೇಶಕರು ಹೊಗಳಿದವರನ್ನು ಇನ್ನೊಬ್ಬರು ತೆಗಳುತ್ತಾರೆ. ಕೆಲಸ ಮಾಡುವವರು ಕೆಲಸ ಬಿಟ್ಟು ಮನೆಮನೆಗೆ ಹೋಗಿ ಕೈ ಮುಗಿಯುವುದನ್ನು ಕಲಿಯುತ್ತಾರೆ. ಬ್ಯಾಂಕುಗಳಲ್ಲಿ ಲಕೋಟೆಯ ಗೋಪ್ಯ ಮಾಡಿದ ಕೆಡುಕನ್ನು ಇಲ್ಲಿ ಕಟ್ಟೆಯ ಮೇಲಿನ ಮಾತು ಮಾಡುತ್ತದೆ. ದೊಡ್ಡ ಬ್ಯಾಂಕುಗಳಷ್ಟು ಸಂಬಳ ಕೊಡುವ ಶಕ್ತಿ ನಮಗಿಲ್ಲ, ಸಂಘದ ದುಡಿಮೆಯಿಂದಲೇ ಸಂಬಳ ಹುಟ್ಟಬೇಕು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಯೋಜನೆ ಒಪ್ಪಿತು. ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರಿಗೆ ಪೇಟೆಯಲ್ಲಿ ಬೇರೆ ದಾರಿಗಳಿವೆ. ಅವರನ್ನು ಇಲ್ಲೇ ಉಳಿಸಿಕೊಳ್ಳಲು ನಮ್ಮ ಕೈಲಿರುವುದು ನ್ಯಾಯ ಮತ್ತು ಮರ್ಯಾದೆ. ಅದನ್ನೂ ಕೊಡದಿದ್ದರೆ ಯಾವ ಬಾಯಲ್ಲಿ "ಇರಪ್ಪಾ, ಇರಮ್ಮಾ" ಎನ್ನುವುದು?

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ.

ಒಂದು, ಏಪ್ರಿಲ್ ತಿಂಗಳಲ್ಲೇ ಪ್ರತಿಯೊಬ್ಬ ನೌಕರರ ಜೊತೆ ಕೂತು ಆ ವರ್ಷ ಅವರಿಂದ ನಿರೀಕ್ಷಿಸುವ ನಾಲ್ಕೈದು ಕೆಲಸಗಳನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು.

ಎರಡು, ಕಾರ್ಯದರ್ಶಿಗಳು ಒಂದು ಪುಸ್ತಕ ಇಟ್ಟು ಒಳ್ಳೆಯದನ್ನೂ ಕೊರತೆಯನ್ನೂ ಅಂದಂದೇ ಬರೆಯಬೇಕು. ಇಲ್ಲದಿದ್ದರೆ ಮಾರ್ಚಿಯಲ್ಲಿ ಆದದ್ದು ಮಾತ್ರ ನೆನಪಿರುತ್ತದೆ, ಜೂನಿನಲ್ಲಿ ಮಾಡಿದ ಕೆಲಸ ಮರೆತು ಹೋಗುತ್ತದೆ.

ಮೂರು, ಷರಾ ಬರೆಯುವುದು ಒಬ್ಬರ ಕೆಲಸವಾಗಬಾರದು. ಕಾರ್ಯದರ್ಶಿಗಳು ಬರೆದದ್ದನ್ನು ಮಂಡಳಿಯ ಮೂವರು ನೋಡಬೇಕು. ಆ ಮೂವರೂ ಒಂದೇ ಕಡೆಯವರಾಗಿರಬಾರದು. ನೌಕರರ ಹತ್ತಿರದ ಸಂಬಂಧಿಕರು ಅದರಲ್ಲಿದ್ದರೆ ಆ ದಿನ ಹೊರಗುಳಿಯಬೇಕು. ಕಾರ್ಯದರ್ಶಿಗಳ ಕೆಲಸವನ್ನೂ ಇದೇ ರೀತಿ ನೋಡಬೇಕು, ಅವರನ್ನು ಬಿಡುವ ಹಾಗಿಲ್ಲ.

ನಾಲ್ಕು, ಬರೆದದ್ದನ್ನು ನೌಕರರಿಗೆ ತೋರಿಸಬೇಕು. ಒಪ್ಪದಿದ್ದರೆ ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಹೇಳಲು ಅವಕಾಶ ಕೊಟ್ಟು, ಬರವಣಿಗೆಯಲ್ಲೇ ಉತ್ತರ ಕೊಡಬೇಕು. ತಿದ್ದುವ ಮಾತು ಒಂದು ದಿನ, ಸಂಬಳದ ಮಾತು ಇನ್ನೊಂದು ದಿನ.

ಐದು, ಕೆಲಸ ಬಿಟ್ಟು ಹೋಗುವವರನ್ನು ಕೂರಿಸಿ, ಕಾಫಿ ಕೊಟ್ಟು, ಯಾಕೆ ಹೋಗುತ್ತಿದ್ದೀರಿ ಎಂದು ಕೇಳಬೇಕು. ಹೋಗುವವರಿಗೆ ಯಾರ ಹಂಗೂ ಇಲ್ಲ. ನಿಜ ಹೇಳುತ್ತಾರೆ.

ಸಿಬ್ಬಂದಿ ಮಿತ್ರರಿಗೂ ಒಂದು ಮಾತು. ನ್ಯಾಯವಾದ ತಕ್ಕಡಿ ಕೇಳುವವರು ಅದರಲ್ಲಿ ಕೂರುವುದಕ್ಕೂ ಸಿದ್ಧರಿರಬೇಕು. ಕೊರತೆ ತೋರಿಸಿದ ಕೂಡಲೇ ಇದು ದ್ವೇಷ ಎನ್ನಬಾರದು. ಕೌಂಟರಿನ ಮುಂದೆ ಬಿಸಿಲಲ್ಲಿ ನಿಂತು ಬಂದ ರೈತರು ನಿಮಗೆ ಮನಸ್ಸಿನಲ್ಲೇ ದಿನವೂ ಅಂಕ ಹಾಕಿ ಹೋಗುತ್ತಾರೆ, ಅದಕ್ಕೆ ಯಾವ ಕೋರ್ಟಿನಲ್ಲೂ ಮೇಲ್ಮನವಿ ಇಲ್ಲ.

ಸದಸ್ಯ ಬಂಧುಗಳೇ, ನೀವು ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಗೆ ಬರುತ್ತೀರಿ. ಡಿವಿಡೆಂಡ್ ಎಷ್ಟು, ಸುಸ್ತಿ ಸಾಲ ಎಷ್ಟು ಎಂದು ಕೇಳುತ್ತೀರಿ. ಕೇಳಲೇಬೇಕು. ಇನ್ನು ಮುಂದೆ ಇನ್ನೂ ಒಂದು ಪ್ರಶ್ನೆ ಸೇರಿಸಿ. ಕಳೆದ ವರ್ಷ ಎಷ್ಟು ಜನ ನೌಕರರು ಬಿಟ್ಟು ಹೋದರು, ಯಾಕೆ ಹೋದರು? ಈ ಪ್ರಶ್ನೆಗೆ ಮಂಡಳಿ ಪ್ರತಿ ವರ್ಷ ಉತ್ತರ ಕೊಡುವಂತಾದರೆ, ನಿಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಇಂದಿನ ಹುಡುಗರು ಹಿರಿಯ ನೌಕರರಾಗಿ ಇದೇ ವೇದಿಕೆಯಲ್ಲಿ ಸನ್ಮಾನ ಮಾಡಿಸಿಕೊಳ್ಳುತ್ತಾರೆ.